ಎರಡು ಹೊಗೆಗೂಡು, ಒಂದು ವಿಭೂತಿ

“ಯಾರಾದರೂ ಒಂದು ಚಮಚ ಕೊಡಿ.”

ದನಿ ಹೊಗೆಗೂಡಿನೊಳಗಿನಿಂದ ಬಂತು. ಬಸವರಾಜೇಶ್ವರಿಯವರ ತಲೆಯೂ ಬಲಗೈಯೂ ಅದರೊಳಗಿದ್ದವು. ತಾರಸಿಯ ಮೇಲೆ ಉಳಿದಿದ್ದದ್ದು ಮೊಣಕಾಲಿಗೆ ಎತ್ತಿ ಕಟ್ಟಿದ ಕಾಟನ್ ಸೀರೆ ಮತ್ತು ಒಂದು ಜೊತೆ ಕ್ಯಾನ್ವಾಸ್ ಬೂಟು.

“ಎಂಥಾ ಚಮಚಾರೀ ಯಕ್ಕಾ? ಸಾರಿಂದೊ, ಅನ್ನದ್ದೊ?” ಕಸ್ತೂರೆವ್ವ ಕೇಳಿದಳು.

“ಯಾವುದಾದರೂ ಸರಿ. ಆಮೇಲೆ ಅದು ಅಡಿಗೆಗೆ ಬರಲ್ಲ.”

“ಹಂಗಿದ್ರ ಮಾಲಕರ ಮನಿ ಚಮಚಾನ ತರಸ್ರಿ.”

ಮೆಟ್ಟಿಲ ಬಾಯಲ್ಲಿ ನಿಂತಿದ್ದ ಮಾಲೀಕ ಗಿರಿರಾಜ್‌ಗೆ ಈ ಮಾತು ರುಚಿಸಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪ್ಯಾಂಟು. ಮಸಿಗೆ ಹೆದರಿ ತಾರಸಿಗೆ ಒಂದೇ ಒಂದು ಕಾಲು ಇಟ್ಟಿದ್ದ. ಕೈಯಲ್ಲಿ ಹೊಸ ಬೀಗವೊಂದು ತೂಗಾಡುತ್ತಿತ್ತು.

ಕಳೆದ ಗುರುವಾರ ಊಟದ ಹೊತ್ತಿಗೆ ಅತ್ತಿಗುಪ್ಪೆಯ ಕಸ್ತೂರೆವ್ವನ ಖಾನಾವಳಿಯ ಹೊಗೆಗೂಡು ರೈಲಿನಂತೆ ಗುಡುಗಿ, ಬಾಯಿಂದ ಬೆಂಕಿ ಕಾರಿ, ನೆತ್ತಿಯ ಕಲ್ಲುಚಪ್ಪಡಿಯನ್ನು ಸಿಡಿಸಿ, ಗಿರಿರಾಜ್‌ನ ನೀರಿನ ಟ್ಯಾಂಕನ್ನು ಮೇಣದಂತೆ ಕರಗಿಸಿತ್ತು. ಯಾರಿಗೂ ಏನೂ ಆಗಿರಲಿಲ್ಲ, ಅದೇ ಪುಣ್ಯ. ಕಸ್ತೂರೆವ್ವ ಒಲೆಯ ಬಾಯಿಗೆ ನೆನೆಸಿದ ಗೋಣಿ ತುರುಕಿ, ಗಾಳಿ ಹೋಗದಂತೆ ಮುಚ್ಚಿ, ಊಟಕ್ಕೆ ಕೂತವರನ್ನೆಲ್ಲ ಬೀದಿಗೆ ಓಡಿಸಿದ್ದಳು. ಒಬ್ಬ ಡೆಲಿವರಿ ಹುಡುಗ ಮಾತ್ರ ರೊಟ್ಟಿ ಬಿಟ್ಟು ಏಳಲಾರೆನೆಂದು ತಟ್ಟೆ ಸಮೇತ ಓಡಿದ್ದ.

“ಮೇಡಂ, ಸಂಜೆ ದೀಪ ಹಚ್ಚೋ ಹೊತ್ತಿಗೆ ನಾನು ಈ ಬೀಗ ಖಾನಾವಳಿಗೆ ಹಾಕ್ತೀನಿ. ಚಿಮಣಿ ಕ್ಲೀನ್ ಮಾಡ್ಸಲ್ಲ ಅಂದ್ರೆ ಬಿಲ್ಡಿಂಗ್‌ನಲ್ಲಿ ಇರೋ ಹಾಗಿಲ್ಲ. ಅಗ್ರಿಮೆಂಟಲ್ಲೇ ಇದೆ,” ಎಂದ ಗಿರಿರಾಜ್.

“ಮಾಡಿಸೀನ್ರೀ! ಪಂಚಮೀ ಮುಂದ ಮಾಡಿಸೀನಿ, ಶಿವರಾತ್ರಿ ಮುಂದ ಮಾಡಿಸೀನಿ. ವರ್ಷಕ್ಕ ಎರಡ ಸಲ. ನಮ್ಮವ್ವನ ಕಾಲದಿಂದ ಒಲೀಗೆ ಜಳಕಾ ಮಾಡಿಸದ ನಾವು ಹಬ್ಬಾ ಮಾಡಿದವರಲ್ಲ!”

ಬಸವರಾಜೇಶ್ವರಿ ತಲೆ ಹೊರಗೆ ತೆಗೆದರು. ಬೆರಳಚ್ಚು ವಿಭಾಗದಿಂದ ನಿವೃತ್ತರಾದ ಮೇಲೆ ಬಸವೇಶ್ವರನಗರದ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಪತ್ತೇದಾರಿಕೆಯ ಫಲಕ ತೂಗುಹಾಕಿದ್ದ ಆ ಹೆಂಗಸಿನ ಮೂಗಿನ ತುದಿ ಈಗ ಕಾಡಿಗೆ ತೀಡಿದಂತಿತ್ತು. ಗಿರಿರಾಜ್‌ಗೆ ನಗು ಬಂತು. ಅವರು ನೋಡಿದ್ದರಿಂದ ಅದು ವಾಪಸು ಹೋಯಿತು.

ಚಮಚದ ಬದಲು ಕಸ್ತೂರೆವ್ವ ಕೊಟ್ಟ ಮೊಗಚುವ ಕೈಯಲ್ಲಿ ಅವರು ಗೂಡಿನ ಒಳಗೋಡೆಯನ್ನು ಕೆರೆದರು. ಬಂದದ್ದು ಪುಡಿಯಲ್ಲ, ಚೂರು. ಕಪ್ಪಗೆ, ಮಿರಮಿರ ಹೊಳೆಯುವ, ಪಾಕ ಹೆಚ್ಚಾದ ಬೆಲ್ಲದಂಥ ಹಕ್ಕಳೆ. ಬೆಂಕಿ ತಿಂದು ಬಿಟ್ಟ ಉಳಿಕೆ.

“ಹಸಿ ಜಾಲಿ ಕಟ್ಟಿಗೆ ಉರಿಸ್ತೀಯಾ, ಕಸ್ತೂರಿ?”

“ಮಳಿಗಾಲದಾಗ ಒಣದು ಎಲ್ಲಿ ಸಿಗ್ತೈತ್ರಿ?”

“ಹಸಿ ಕಟ್ಟಿಗೆಯ ಹೊಗೆ ಹೀಗೇ ಅಂಟಾಗಿ ಕೂರುತ್ತೆ. ಒಂದು ಪದರ ಕೂತರೆ ಏನೂ ಇಲ್ಲ, ಬ್ರಷ್ ಆಡಿಸಿದರೆ ಉದುರುತ್ತೆ. ಬಿಟ್ಟರೆ ಪದರದ ಮೇಲೆ ಪದರ. ಆಮೇಲೆ ಒಂದು ದಿನ ಕೆಳಗಿಂದ ಒಂದು ಕಿಡಿ ಹಾರುತ್ತೆ, ಗೂಡೇ ಒಲೆಯಾಗುತ್ತೆ.” ಅವರು ಚೂರನ್ನು ಬಿಸಿಲಿಗೆ ಹಿಡಿದರು. “ಇದು ಶಿವರಾತ್ರಿಯಿಂದ ಈಚೆಗೆ ಕೂತದ್ದು. ಪಂಚಮಿಗೆ ಈ ಗೂಡಿನೊಳಗೆ ಬ್ರಷ್ ಇಳಿದಿಲ್ಲ.”

ಗಿರಿರಾಜ್ ಬೀಗವನ್ನು ಗಲ್ಲೆಂದು ಕುಣಿಸಿದ. “ನಾನ್ ಏನ್ ಹೇಳ್ದೆ? ನೀವೇ ಕರ್ಕೊಂಡ್ ಬಂದ ಪತ್ತೇದಾರ್ರು ಕಣಮ್ಮ, ಅವರೇ ಹೇಳ್ತಾ ಇದಾರೆ!”

ಕಸ್ತೂರೆವ್ವ ಆ ಚೂರನ್ನು ಕಿತ್ತುಕೊಂಡು ತಾನೂ ಬಿಸಿಲಿಗೆ ಹಿಡಿದು ನೋಡಿದಳು.

“ಗಿರಿರಾಜ್ ಅವರೇ, ನಾನು ಬ್ರಷ್ ಇಳಿದಿಲ್ಲ ಅಂದೆ. ಇವಳು ಮಾಡಿಸಿಲ್ಲ ಅನ್ನಲಿಲ್ಲ. ದೀಪಕ್ಕೆ ಇನ್ನೂ ಹೊತ್ತಿದೆ. ಆ ರೇವಣಸಿದ್ದ ಎಲ್ಲಿ?”

*

ರೇವಣಸಿದ್ದ ಬೈಕಿನ ಹಿಂದೆ ಬಿದಿರಿನಂಥ ಉದ್ದನೆಯ ಕೋಲುಗಳ ಕಟ್ಟು ಕಟ್ಟಿಕೊಂಡು ಬಂದ. ಕಲಬುರಗಿ ಕಡೆಯ ಹುಡುಗ, ಮಾಗಡಿ ರಸ್ತೆಯಿಂದ ಕೆಂಗೇರಿಯವರೆಗೆ ಹೋಟೆಲುಗಳ ಹೊಗೆಗೂಡು ಗುಡಿಸುವುದು ಅವನ ಕೆಲಸ. ತಾರಸಿಗೆ ಬಂದವನೇ ಕಸ್ತೂರೆವ್ವನ ಕಾಲಿಗೆ ಬಿದ್ದ.

“ಯವ್ವಾ, ನಿಮ್ಮಾಣಿ, ನಾ ಮಾಡೀನಿ. ಚೀಲಗಟ್ಲೆ ಮಸಿ ತಗದೀನಿ. ಮೂರು ದಿನಾ ಜಳಕಾ ಮಾಡಿದ್ರೂ ಕಿವ್ಯಾಗಿಂದು ಹೋಗಿಲ್ಲ.”

“ಏಳಪಾ, ಏಳು. ಈಗ ಸೈತ ಕಿವ್ಯಾಗ ಐತಿ,” ಎಂದಳು ಕಸ್ತೂರೆವ್ವ.

“ಅವತ್ತು ಇವಳು ಎಲ್ಲಿದ್ದಳು?” ಬಸವರಾಜೇಶ್ವರಿ ಕೇಳಿದರು.

“ಪಂಚಮಿಗೆ ತವರಿಗೆ ಹೋಗಿದ್ರಲ್ರೀ ಮೇಡಂ. ಅಡಿಗಿ ಹೆಣ್ಮಕ್ಕಳೂ ಎಲ್ಲಾರೂ. ನಮ್ಮ ಕಡೆ ಪಂಚಮಿಗೆ ಹೆಣ್ಮಕ್ಕಳು ಗಂಡನ ಮನ್ಯಾಗ ಕುಂದ್ರಂಗಿಲ್ಲ. ಖಾನಾವಳಿಗೆ ಬೀಗ. ನಾ ಮ್ಯಾಲಿಂದನ ಬ್ರಷ್ ಇಳಿಸಿ, ಹಿಂದಿನ ಓಣ್ಯಾಗ ಕಿಂಡಿ ತಗದು ಮಸಿ ಬಳಕೊಂಡೆ. ವರ್ಷಾ ಹಿಂಗ ಮಾಡತೀವ್ರಿ.”

“ಇಲ್ಲಿ ಎರಡು ಗೂಡಿವೆ.” ಅವರು ಕೈ ತೋರಿಸಿದರು.

ಇದ್ದವು. ಅವಳಿ ಮಕ್ಕಳಂತೆ ಎರಡು, ಒಂದೇ ಇಟ್ಟಿಗೆ, ಒಂದೇ ಎತ್ತರ. ಒಂದು ಖಾನಾವಳಿಯದು. ಇನ್ನೊಂದು ಅದಕ್ಕೆ ಅಂಟಿಕೊಂಡೇ ಇರುವ ಮುರಳೀಕೃಷ್ಣರ ಬೇಕರಿಯದು. ಮೊಣಕಾಲಿನ ಆಪರೇಷನ್ ಆದಾಗಿನಿಂದ ಮುರಳೀಕೃಷ್ಣ ಬೇಕರಿ ಮುಚ್ಚಿದ್ದರು. ಎರಡು ವರ್ಷದಿಂದ ಆ ಗೂಡಿನ ನೆತ್ತಿಯಲ್ಲಿ ಪಾರಿವಾಳ ಬಿಟ್ಟರೆ ಇನ್ನೇನೂ ಕೂತಿರಲಿಲ್ಲ.

“ಯಾವುದು ಅಂತ ಹೇಗೆ ಗುರುತು ಹಿಡಿದೆ?”

“ವಿಭೂತಿ ನೋಡಿ ಮೇಡಂ!” ಇದೂ ಒಂದು ಪ್ರಶ್ನೆಯೇ ಎಂಬಂತೆ ನೋಡಿದ ರೇವಣಸಿದ್ದ. “ಅಕ್ಕಾವ್ರು ಊರಿಗೆ ಹೋಗೂ ಮುಂದ ಒಲೀ ಪೂಜಿ ಮಾಡಿ, ಮ್ಯಾಲ ಬಂದು ಗೂಡಿಗೂ ಮೂರು ಬಟ್ಟು ವಿಭೂತಿ ಎಳದು ಹೋಗ್ತಾರ. ವಿಭೂತಿ ಇದ್ದದ್ದು ನಮ್ಮದು. ಇಲ್ದಿದ್ದು ಅಯ್ಯಂಗಾರದು.”

“ಈ ಸಲ ವಿಭೂತಿ ಎಲ್ಲಿತ್ತು?”

ರೇವಣಸಿದ್ದ ಬೆರಳು ಎತ್ತಿದ. ಎತ್ತಿದ ಬೆರಳು ಗಾಳಿಯಲ್ಲೇ ನಿಂತಿತು. ಅವನು ಬೆರಳನ್ನು ನೋಡಿದ, ಗೂಡನ್ನು ನೋಡಿದ, ಮತ್ತೆ ಬೆರಳನ್ನೇ ನೋಡಿದ.

ಅದು ಬೇಕರಿಯ ಗೂಡಿನ ಕಡೆ ತಿರುಗಿತ್ತು.

“ಯಪ್ಪಾ,” ಎಂದ. “ಗುರುತು ನೋಡೀನಿ. ಗೂಡು ನೋಡಿಲ್ಲ.”

*

ಬೇಕರಿಯ ಗೂಡಿಗೆ ಇಟ್ಟಿಗೆಯ ಕಾಲುಗಳ ಮೇಲೆ ಹೊದಿಸಿದ್ದ ಕಲ್ಲುಚಪ್ಪಡಿಯ ಆಸರೆಯಲ್ಲಿ, ಮಳೆ ತಾಕದ ಜಾಗದಲ್ಲಿ, ಮೂರು ಬಿಳಿ ಗೆರೆಗಳು ಇನ್ನೂ ಇದ್ದವು. ನೀಟಾಗಿ, ಹಣೆಗೆ ಎಳೆದಂತೆ. ಬೆರಳಚ್ಚು ನೋಡಿ ನೋಡಿ ಕಣ್ಣು ಸವೆಸಿಕೊಂಡ ಬಸವರಾಜೇಶ್ವರಿಗೆ ಒಂದು ವಿಷಯ ಕೂಡಲೇ ತಿಳಿಯಿತು. ಎಳೆದ ಕೈ ಅಭ್ಯಾಸದ ಕೈ. ಮೂರು ಬೆರಳು ಒಟ್ಟಿಗೆ ಊರಿ, ಒಟ್ಟಿಗೆ ಹಗುರಾಗಿ, ಒಟ್ಟಿಗೆ ಎದ್ದಿದ್ದವು. ದಿನಾ ಬೆಳಿಗ್ಗೆ ಮಿಂದು ಹಣೆಗಿಡುವವರ ಕೈ.

“ಕಸ್ತೂರಿ, ಇದು ನಿನ್ನದಾ?”

ಕಸ್ತೂರೆವ್ವ ಮೂಗಿನ ಹತ್ತಿರ ಹೋಗಿ ನೋಡಿದಳು. “ಅಲ್ಲರೀ. ನನ್ನ ನಡುಬಟ್ಟು ಎಲ್ಲಿ ಹಿಂಗ ಬೀಳ್ತೈತಿ?”

ಬಲಗೈ ಚಾಚಿದಳು. ಹಂಚು ತಾಕಿ ಸುಟ್ಟು ಮಡಚಿಕೊಂಡಿದ್ದ ನಡುಬೆರಳು ಪೂರಾ ನೆಟ್ಟಗಾಗುತ್ತಿರಲಿಲ್ಲ. ಬಸವರಾಜೇಶ್ವರಿ ಅವಳನ್ನು ಕೆಳಗೆ ಅಡಿಗೆಮನೆಗೆ ಕರೆದೊಯ್ದು ಗೋಡೆಯ ಮೇಲೆ ವಿಭೂತಿ ಎಳೆಸಿ ನೋಡಿದರು. ಮೇಲಿನ ಗೆರೆ ಸರಿ, ಕೆಳಗಿನದು ಸರಿ. ನಡುವಿನದು ಅರ್ಧಕ್ಕೇ ಕಡಿದು ಮತ್ತೆ ಶುರುವಾಗಿತ್ತು.

ಒಲೆ ಒಂದು ವಾರದಿಂದ ತಣ್ಣಗಿತ್ತು. ಆದರೂ ಕಸ್ತೂರೆವ್ವನ ಕೈ ಸುಮ್ಮನಿರದು. ನಾಳೆ ಬೆಳಿಗ್ಗೆ ಒಲೆ ಹೊತ್ತಿಯೇ ಹೊತ್ತುತ್ತದೆ ಎಂಬ ಹಟದಲ್ಲಿ ಜೋಳದ ಹಿಟ್ಟು ಜರಡಿ ಹಿಡಿಯಲು ಕೂತಳು. ಕೈಯ ಲಯಕ್ಕೆ ಬಾಯಲ್ಲಿ ಏನೋ ಒಂದು ಪದ ಸಣ್ಣಗೆ ಸುತ್ತತೊಡಗಿತು.

ಬಸವರಾಜೇಶ್ವರಿ ಕಣ್ಣು ಮುಚ್ಚಿದರು. ಅವರ ತಂದೆ ಸಂಜೆಯಾದರೆ ಜಗುಲಿಯಲ್ಲಿ ಕೂತು ರಾಗವಾಗಿ ಕಾವ್ಯ ಓದುತ್ತಿದ್ದರು, ಮನೆ ಪೂರಾ ಕೇಳುತ್ತಿತ್ತು. ಅರ್ಥ ತಿಳಿಯದ ವಯಸ್ಸಿನಲ್ಲೂ ಯಾವ ಸಾಲು ಎಲ್ಲಿ ತಿರುಗುತ್ತದೆ ಎಂಬುದು ಕಿವಿಗೆ ಗೊತ್ತಿತ್ತು. ಆ ಕಿವಿ ಇನ್ನೂ ಹಾಗೇ ಉಳಿದಿತ್ತು. ಕಸ್ತೂರೆವ್ವನ ಪದದಲ್ಲಿ ಒಂದು ವಿಶೇಷವಿತ್ತು. ಎಲ್ಲರೂ ಸಾಲಿನ ಕೊನೆಯಲ್ಲಿ ದನಿ ಇಳಿಸಿದರೆ ಇವಳು ಒಂದು ಎಳೆ ಮೇಲಕ್ಕೆ ಎತ್ತಿ ಬಿಡುತ್ತಿದ್ದಳು, ಜೋಕಾಲಿ ಮೇಲೆ ಹೋಗಿ ಅಲ್ಲೇ ನಿಂತಂತೆ.

“ಎಲ್ಲಿ ಕಲಿತೆ ಇದನ್ನ?”

“ನಮ್ಮಪ್ಪ ಕಲಿಸಿದ್ದರೀ. ನನಗೂ, ನನ್ನ ತಮ್ಮ ವೀರೇಶಗೂ. ಊರಾಗ ಬ್ಯಾರೆ ಯಾರಿಗೂ ಈ ಧಾಟಿ ಬರೂದಿಲ್ಲ.” ಜರಡಿ ನಿಂತಿತು. “ಈ ಪಂಚಮಿಗೆ ಅವ ಊರಿಗೆ ಬರಲೇ ಇಲ್ಲ ನೋಡ್ರಿ. ಪುಣೇದಾಗ ಕೆಲಸಾ ಸಿಕ್ಕೈತಿ, ರಜಾ ಇಲ್ಲ ಅಂದನಂತ. ತಮ್ಮ ಇಲ್ದ ಜೋಕಾಲಿ ಏನ್ ಚೆಂದ? ಅವನ ಪಾಲಿನ ಉಂಡಿ ಕಟಿಗೊಂಡು ಬಂದೀನಿ. ಯಾವತ್ತರ ಬಂದಾನು.”

ಕಪಾಟಿನ ಮೇಲಿನ ಸ್ಟೀಲ್ ಡಬ್ಬಿಯಿಂದ ಒಂದು ಶೇಂಗಾ ಉಂಡಿ ತೆಗೆದು ಕೊಟ್ಟಳು. “ನೀವು ತಿನ್ನರಿ. ಮೂಗಿಂದು ಮಸಿ ಮಾತ್ರ ಒರಸ್ಕೋರಿ.”

*

ಉಂಡಿ ತಿನ್ನುತ್ತಲೇ ಬಸವರಾಜೇಶ್ವರಿ ಮತ್ತೆ ಮೇಲೆ ಹೋದರು. ಎರಡು ಪ್ರಶ್ನೆ ಉಳಿದಿದ್ದವು. ಕಸ್ತೂರೆವ್ವ ತನ್ನ ಗೂಡಿಗೆ ಎಳೆದ ವಿಭೂತಿ ಎಲ್ಲಿ ಹೋಯಿತು? ಬೇಕರಿಯ ಗೂಡಿಗೆ ಎಳೆದವರು ಯಾರು?

ಮೊದಲನೆಯದಕ್ಕೆ ಉತ್ತರ ಕಣ್ಣೆದುರಿಗೇ ಇತ್ತು. ಖಾನಾವಳಿಯ ಗೂಡಿನ ಸುತ್ತ ಸೊಂಟಕ್ಕೆ ಕಟ್ಟಿದಂತೆ ಒಂದು ಬಟ್ಟೆ. ಬೆಂಕಿಯ ಕಾವಿಗೆ ಕಂದು ಬಣ್ಣಕ್ಕೆ ತಿರುಗಿತ್ತು.

“ಇದು ಯಾಕೆ?”

“ಬಿರುಕು ಬಿಟ್ಟಿತ್ತೇನೋ, ಇವ್ರು ಕಟ್ಟಿದಾರೆ,” ಎಂದ ಗಿರಿರಾಜ್.

“ನಾ ಯಾಕ ಕಟ್ಟಲಿ? ಮಾಲಕರು ಕಟ್ಟಿಸ್ಯಾರ ಅನಕೊಂಡೆ!” ಹಿಂದೆಯೇ ಮೆಟ್ಟಿಲು ಹತ್ತಿ ಬಂದಿದ್ದ ಕಸ್ತೂರೆವ್ವ ಏದುಸಿರಲ್ಲೇ ಜವಾಬು ಕೊಟ್ಟಳು.

ಗಂಟು ಬಿಚ್ಚಿದರು. ಒಗೆದು ಮಡಿ ಮಾಡಿದ ಹಿಟ್ಟಿನ ಚೀಲದ ಬಟ್ಟೆ. ಅದರಡಿ ಮೂರು ಗೆರೆ, ನಡುವಿನದು ಕಡಿದದ್ದು. ಅಳಿಸಿರಲಿಲ್ಲ. ಒರೆಸಿಯೂ ಇರಲಿಲ್ಲ. ದೇವರ ಮುಂದೆ ಪರದೆ ಎಳೆದಂತೆ ಮುಚ್ಚಿದ್ದರು, ಅಷ್ಟೇ.

“ಎಂಥ ಮರ್ಯಾದಸ್ಥ ಕಳ್ಳ!” ಎಂದುಕೊಂಡರು ಬಸವರಾಜೇಶ್ವರಿ.

ಬೇಕರಿಯ ಗೂಡಿನ ಕಡೆ ತಿರುಗಿದಾಗ ಅವರ ಬಾಯಲ್ಲಿದ್ದ ಉಂಡಿ ಅಲ್ಲೇ ನಿಂತಿತು.

ಬಿಳಿ ಗೆರೆಯ ಮೇಲೆ ಇರುವೆ ಸಾಲು.

ಬಿದ್ದ ಶೇಂಗಾ ಪುಡಿಗಲ್ಲ. ಇರುವೆಗಳು ಗೆರೆಯ ಮೇಲೇ ಇದ್ದವು. ಗೆರೆಯನ್ನೇ ಕಿತ್ತು, ಅಂಚಿನಿಂದ ಚೂರು ಚೂರು ಹೊತ್ತು, ಇಟ್ಟಿಗೆಯ ಸಂದಿಗೆ ಇಳಿಯುತ್ತಿದ್ದವು.

“ರೇವಣಸಿದ್ದ, ಇರುವೆ ವಿಭೂತಿ ತಿನ್ನುತ್ತಾ?”

“ಅವೂ ಲಿಂಗಾಯತರಾಗ್ಯಾವೇನ್ರೀ?”

ಅವರು ಉಗುರಲ್ಲಿ ಒಂದಿಷ್ಟು ಕೆರೆದು ನಾಲಿಗೆಗೆ ಹಚ್ಚಿದರು. ಸಪ್ಪೆ. ಆಮೇಲೆ ಸಣ್ಣಗೆ ಸಿಹಿ.

“ಮೈದಾ,” ಎಂದರು. “ಸಕ್ಕರೆ ಪುಡಿ ಬೆರೆಸಿ, ನೀರಲ್ಲಿ ಕಲಸಿದ ಮೈದಾ. ಮುರಳೀಕೃಷ್ಣ ಅವರನ್ನ ಕರೀರಿ.”

*

ಮುರಳೀಕೃಷ್ಣ ಬೇಕರಿಯ ಮುಂದಿನ ಮೆಟ್ಟಿಲ ಮೇಲೆ ಕೂತಿದ್ದರು. ಮೊಣಕಾಲು ಮೇಲೆ ಬರಲು ಒಪ್ಪದ ಕಾರಣ ಎಲ್ಲರೂ ಕೆಳಗೇ ಇಳಿದರು. ಆಷಾಢದಲ್ಲಿ ಮೈಸೂರಿನ ಮಗಳ ಮನೆಗೆ ಹೋದವರು ಬೆಂಕಿಯ ಸುದ್ದಿ ಕೇಳಿ ನಿನ್ನೆಯಷ್ಟೇ ವಾಪಸು ಬಂದಿದ್ದರು. ಇವರ ಬನ್ನಿಗೆ ಅವಳ ಹೊಗೆ, ಅವಳ ರೊಟ್ಟಿಗೆ ಇವರ ಮೊಟ್ಟೆಯಿಲ್ಲದ ಕೇಕಿನ ವಾಸನೆ ಎಂದು ಒಂದು ಕಾಲದಲ್ಲಿ ಕಸ್ತೂರೆವ್ವನ ಜೊತೆ ದಿನಕ್ಕೊಂದು ಜಗಳ ಆಡಿದವರು.

“ನಿಮ್ಮ ಓವನ್ ಉರಿಸಿ ಎಷ್ಟು ಕಾಲ ಆಯ್ತು?”

“ಅಯ್ಯೋ ಮೇಡಂ, ಆಪರೇಷನ್ ಆದ್ಮೇಲೆ ಬೆಂಕಿಕಡ್ಡಿ ಗೀರಿಲ್ಲ. ತಣ್ಣಗಿದೆ, ನನ್ನ ಹಾಗೇ.”

“ಹಾಗಾದ್ರೆ ರೇವಣಸಿದ್ದ ಚೀಲಗಟ್ಟಲೆ ತೆಗೆದ ಮಸಿ ಯಾವುದು?”

ಮುರಳೀಕೃಷ್ಣ ಮೊಣಕಾಲು ಹಿಡಿದುಕೊಂಡು ತಾರಸಿಯ ಕಡೆ ಕತ್ತೆತ್ತಿ ನೋಡಿದರು.

“ರೇವಣಸಿದ್ದ, ಆ ಮಸಿ ಹೇಗಿತ್ತು? ಹಳೇದಾ, ಹೊಸದಾ?”

“ಹೊಸಾದರೀ. ಹಗೂರ, ಒಣಾ ಒಣಾ, ಹತ್ತಿ ಹಾರಿಧಾಂಗ ಹಾರತಿತ್ತು. ಬಾಯಿ ಮಟ್ಟ ಕಟಿಗೊಂಡಿತ್ತು. ನಾ ಅವತ್ತು ಬರಲಿಲ್ಲಂದ್ರ ಅದೂ ಹೊತ್ತಿ ಉರೀತಿತ್ತು.”

“ಕೇಳಿಸ್ತಾ? ಎರಡು ವರ್ಷ ತಣ್ಣಗಿರೋ ಗೂಡಿನಲ್ಲಿ ಹೊಸ ಮಸಿ. ಅದರ ಮೇಲೆ ಮೈದಾದ ವಿಭೂತಿ. ಮೈದಾ, ಸಕ್ಕರೆ, ಓವನ್. ಈ ಮೂರೂ ಒಟ್ಟಿಗೆ ಇರೋದು ನಿಮ್ಮಲ್ಲಿ, ಮುರಳೀಕೃಷ್ಣ ಅವರೇ.”

“ರಾಮ ರಾಮಾ! ನಾನು ನಾಮದೋನು ಮೇಡಂ!” ಮುರಳೀಕೃಷ್ಣ ಹಣೆ ಮುಟ್ಟಿ ತೋರಿಸಿದರು. “ನನ್ನ ಕೈಗೆ ಮೂರು ಬೆರಳು ಕೊಟ್ಟರೆ ಅದು ನೆಟ್ಟಗೆ ಮೇಲಕ್ಕೆ ಹೋಗುತ್ತೆ, ಅಡ್ಡ ಎಳೆಯೋಕೆ ಬರಲ್ಲ. ಬೇಕಾದ್ರೆ ಪರೀಕ್ಷೆ ಮಾಡಿ!”

“ಮಾಡೇ ಬಿಡೋಣ.”

ರೇವಣಸಿದ್ದ ವಿಭೂತಿ ಕರಡಿಗೆ ತಂದ. ಮುರಳೀಕೃಷ್ಣ ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಗೋಡೆಗೆ ಎಳೆದರು. ಮೂರು ಗೆರೆ ಹೊರಟದ್ದು ನಾಲ್ಕಾಯಿತು, ಕೊನೆಗೆ ಕೂಡಿಕೊಂಡು ಒಂದೇ ಆಯಿತು. ಇಳಿಜಾರಿನಲ್ಲಿ ಜಾರಿದ ಬಸವನ ಹುಳದ ದಾರಿಯಂತಿತ್ತು.

“ಛೇ, ಏನ್ ಕಲಿಸ್ಯಾರ ನಿಮಗ!” ಎಂದಳು ಕಸ್ತೂರೆವ್ವ. ಎಲ್ಲರಿಗಿಂತ ಜೋರಾಗಿ ನಕ್ಕವರು ಮುರಳೀಕೃಷ್ಣರೇ.

ಬಸವರಾಜೇಶ್ವರಿ ನಗುತ್ತಲೇ ಯೋಚಿಸುತ್ತಿದ್ದರು. ವಿಭೂತಿ ಎಳೆದ ಕೈ ವಿಭೂತಿ ಬಲ್ಲ ಕೈ. ಹಾಗಿದ್ದೂ ಬಳಸಿದ್ದು ಮೈದಾ. ಕಸ್ತೂರೆವ್ವನ ಅಡಿಗೆಮನೆಗೆ ಬೀಗವಿದ್ದರೇನು, ವಿಭೂತಿಗೆ ಬರವೇ ಅತ್ತಿಗುಪ್ಪೆಯಲ್ಲಿ? ಮೂಲೆ ಅಂಗಡಿಯಲ್ಲಿ ಗಟ್ಟಿಯೇ ಸಿಗುತ್ತದೆ. ಬಲ್ಲವನು ಯಾಕೆ ಹಿಟ್ಟು ಹಚ್ಚಿದ?

“ಏನಾಯ್ತು ಅಂತ ಹೇಳ್ತೀನಿ ಗಿರಿರಾಜ್ ಅವರೇ,” ಎಂದರು. “ಮುಚ್ಚಿದ ಬೇಕರಿಯಲ್ಲಿ ಯಾರೋ ಕದ್ದು ಓವನ್ ಉರಿಸ್ತಾ ಇದಾರೆ. ಪಕ್ಕದಲ್ಲೇ ಕಸ್ತೂರಿಯ ಹೊಗೆ ಇದ್ದದ್ದರಿಂದ ಆ ಹೊಗೆ ಯಾರ ಕಣ್ಣಿಗೂ ಬೀಳಲಿಲ್ಲ. ಗೂಡು ಕಟ್ಟಿಕೊಳ್ತು. ಗುಡಿಸೋನನ್ನ ಕರೆದರೆ ಗುಟ್ಟು ರಟ್ಟು. ಬಿಟ್ಟರೆ ಬೆಂಕಿ. ಇವಳ ಪದ್ಧತಿ ಬಲ್ಲವರು ಅವರು. ಇವಳ ಗುರುತನ್ನ ಬಟ್ಟೆಯಲ್ಲಿ ಮುಚ್ಚಿ, ತಮ್ಮ ಗೂಡಿಗೆ ಗುರುತು ಎಳೆದರು. ರೇವಣಸಿದ್ದ ಬಂದ, ಗುಡಿಸಿದ, ಹೋದ.”

“ಅಂದ್ರೆ ಕದ್ದಿದ್ದು…”

“ಗುಡಿಸೋದನ್ನೇ ಕದ್ದರು. ನನ್ನ ಸರ್ವೀಸಿನಲ್ಲಿ ಇಂಥ ಕಳವು ನೋಡಿರಲಿಲ್ಲ. ಒಂದು ಗೂಡು ಉಳೀತು, ಇನ್ನೊಂದು ಉರೀತು.”

ಕಸ್ತೂರೆವ್ವ ಸೊಂಟಕ್ಕೆ ಸೆರಗು ಬಿಗಿದಳು. “ಕೇಳಿದ್ರಿಲ್ಲೋ ಮಾಲಕ್ರ? ನನ್ನ ಗೂಡಿನ ಪಾಳಿ ಕದ್ದಾರ! ಅದಕ್ಕ ನನ್ನ ಇದ್ದಬಿದ್ದ ಒಣಾ ಕಟಿಗಿ ಸೈತ ದಿನಾ ಕಮ್ಮಿ ಆಗತಿತ್ತು! ಆ ಬಾಡ್ಯಾ ಯಾರು ಅಂತ ತೋರಸ್ರಿ ಯಕ್ಕಾ, ಊರ ಮುಂದ ನಿಂದರಸ್ತೀನಿ. ಬಾಗಲಾ ತಗಸ್ರಿ! ಈಗಿಂದೀಗ ತಗಸ್ರಿ!”

ಗಿರಿರಾಜ್ ಬೀಗವನ್ನು ಕೈಯಿಂದ ಕೈಗೆ ದಾಟಿಸಿದ. ಕೆಟ್ಟವನಲ್ಲ ಅವನು. ಮೇಲಿನ ಮನೆಯಲ್ಲಿ ಅವನ ತಾಯಿ ಹಾಸಿಗೆ ಹಿಡಿದಿದ್ದರು. ಬೆಂಕಿಯ ದಿನ ಅವರನ್ನು ಎತ್ತಿಕೊಂಡು ಮೆಟ್ಟಿಲಿಳಿದವನು ಅವನೇ.

“ಸರಿ ಮೇಡಂ. ದೀಪ ಹಚ್ಚೋದ್ರೊಳಗೆ ಆ ಮನುಷ್ಯನ್ನ ತೋರ್ಸಿ. ಕಸ್ತೂರಮ್ಮಂಗೆ ಸಂಬಂಧ ಇಲ್ಲ ಅಂತಾದ್ರೆ ನಾನೇ ಹೊಸ ಚಪ್ಪಡಿ ಹಾಕಿಸ್ತೀನಿ. ನಾಳೆ ಬೆಳಿಗ್ಗೆ ಅವರ ಒಲೆ ಹೊತ್ತಲಿ. ಆದ್ರೆ ಇವ್ರ ಕಡೆಯೋರೇ ಯಾರಾದ್ರೂ ಆಗಿದ್ರೆ, ಸಾರಿ, ಬೀಗ ಖಾನಾವಳಿಗೇ.”

“ನಮ್ಮ ಕಡೆಯವರು ಯಾಕಿರ್ತಾರ? ನನ್ನ ಹೆಣ್ಮಕ್ಕಳು ನನ್ನ ಜೋಡೀನ ಬಸ್ಸಿನಾಗ ಹೋಗ್ಯಾರ, ನನ್ನ ಜೋಡೀನ ಬಂದಾರ,” ಎಂದಳು ಕಸ್ತೂರೆವ್ವ. “ಒಪ್ಪಿದೆ. ತಗೀರಿ ಬಾಗಲಾ.”

ಮುರಳೀಕೃಷ್ಣ ಅಂಗಿಯೊಳಗೆ ಕೈ ಹಾಕಿ ಜನಿವಾರಕ್ಕೆ ಕಟ್ಟಿದ್ದ ಕೀಲಿ ಎಳೆದರು. ಗಂಟು ಬಿಗಿದಿತ್ತು. ರೇವಣಸಿದ್ದ ಸಹಾಯಕ್ಕೆ ಬಗ್ಗಿದ. “ಮಸಿ ಕೈ! ಮುಟ್ಬೇಡಪ್ಪ, ಮಡಿ!” ಎಂದು ಅವರು ಕಿರುಚಿದರು. “ಆಗ್ಲೇ ವಿಭೂತಿ ಎಳದೀರಿ, ಇನ್ನೇನ್ ಉಳದೈತ್ರೀ?” ಎಂದ ಅವನು.

ಆಗಲೇ ಬಸವರಾಜೇಶ್ವರಿ ತಲೆ ಎತ್ತಿದ್ದು.

ಸಂಜೆಯ ತಿಳಿ ಆಕಾಶ. ಮೆಟ್ರೊ ಒಂದು ವಿಜಯನಗರದ ಕಡೆಯಿಂದ ಬಂದು ಹಾದು ಹೋಯಿತು. ತಾರಸಿಯ ಮೇಲೆ ಎರಡು ಗೂಡು. ವಾರದಿಂದ ತಣ್ಣಗಿದ್ದ ಕಸ್ತೂರೆವ್ವನ ಗೂಡು ಸುಮ್ಮನಿತ್ತು.

ಎರಡು ವರ್ಷದಿಂದ ತಣ್ಣಗಿದ್ದ ಬೇಕರಿಯ ಗೂಡಿನಿಂದ ಹೊಗೆ ಏಳುತ್ತಿತ್ತು. ಗುಡಿಸಿದ ಗೂಡಿನ ಹೊಗೆ. ನೆಟ್ಟಗೆ, ಹಗುರಾಗಿ, ಯಾವ ಅಡೆತಡೆಯೂ ಇಲ್ಲದೆ. ಮುಚ್ಚಿಕೊಳ್ಳಲು ಪಕ್ಕದಲ್ಲಿ ಇನ್ನೊಂದು ಹೊಗೆ ಇಂದು ಇರಲಿಲ್ಲ.

ಮಾಲೀಕ ಇಲ್ಲಿದ್ದ. ಬೇಕರಿಯವರು ಇಲ್ಲಿದ್ದರು. ಗುಡಿಸುವವನು ಇಲ್ಲಿದ್ದ. ಮುಂಬಾಗಿಲಿಗೆ ಹಾಕಿದ ಬೀಗ ಹಾಗೇ ತೂಗುತ್ತಿತ್ತು.

“ಷ್,” ಎಂದರು ಬಸವರಾಜೇಶ್ವರಿ.

ಬನ್ನು ಬೇಯುವ ಘಮ ಷಟರಿನ ಸಂದಿಯಿಂದ ಹೊರಬಂತು. ಅದರ ಹಿಂದೆ ಧಪ್, ಧಪ್ ಎಂದು ಹಿಟ್ಟು ನಾದುವ ಸದ್ದು. ಒಳಗಿದ್ದವರು ಹಿತ್ತಲ ಬಾಗಿಲಿಂದ ಹೊಕ್ಕು ಅಗುಳಿ ಹಾಕಿಕೊಂಡಿರಬೇಕು. ಸದ್ದಿನ ಲಯಕ್ಕೆ ಸರಿಯಾಗಿ ಒಂದು ಗಂಡು ದನಿ, ತನ್ನಷ್ಟಕ್ಕೆ ತಾನು ಹಾಡಿಕೊಳ್ಳುತ್ತಿತ್ತು.

ಬಸವರಾಜೇಶ್ವರಿ ಕಣ್ಣು ಮುಚ್ಚಿದರು. ಪದ ತಿಳಿಯಲಿಲ್ಲ. ಸಾಲು ಕೊನೆಗೆ ಬಂತು. ದನಿ ಇಳಿಯಲಿಲ್ಲ. ಒಂದು ಎಳೆ ಮೇಲಕ್ಕೆ ಎದ್ದು, ಅಲ್ಲೇ ನಿಂತಿತು.

ಅವರಿಗೆ ಮೈದಾದ ಅರ್ಥ ಆಯಿತು. ವಿಭೂತಿಯಲ್ಲಿ ಸುಳ್ಳು ಎಳೆಯಲು ಆ ಕೈ ಒಪ್ಪಿರಲಿಲ್ಲ. ಅಕ್ಕನ ವಿಭೂತಿ ಒರೆಸಲೂ ಒಪ್ಪಿರಲಿಲ್ಲ.

“ಬಂತು!” ಎಂದರು ಮುರಳೀಕೃಷ್ಣ. ಗಂಟು ಬಿಚ್ಚಿತ್ತು. ಗಿರಿರಾಜ್ ಕೀಲಿ ಇಸಿದುಕೊಂಡು, ಮೊದಲ ಸಲ ಬಿಳಿ ಅಂಗಿಯ ಚಿಂತೆ ಬಿಟ್ಟು, ಮಸಿ ಹಿಡಿದ ಷಟರಿನ ಮುಂದೆ ಮಂಡಿಯೂರಿದ. ಕೀಲಿ ಬೀಗದೊಳಗೆ ಹೊಕ್ಕಿತು.

ಬಸವರಾಜೇಶ್ವರಿಯವರ ಮಣಿಕಟ್ಟನ್ನು ಯಾರೋ ಬಿಗಿಯಾಗಿ ಹಿಡಿದರು. ನಡುಬೆರಳು ಮಡಚಿದ ಕೈ. ಕಸ್ತೂರೆವ್ವನ ಮುಖದಲ್ಲಿ ಬಣ್ಣವಿರಲಿಲ್ಲ, ದನಿಯಲ್ಲಿ ಅರ್ಧ ಬೀದಿಗೆ ಕೇಳಿಸುತ್ತಿದ್ದ ಆ ಜೋರೂ ಇರಲಿಲ್ಲ.

“ಯಕ್ಕಾ, ತಗೀಬ್ಯಾಡ ಅನ್ರಿ ಅವರಿಗೆ,” ಎಂದಳು. “ಆ ಹೊಸಾ ಬೀಗಾ ನನ್ನ ಬಾಗಲಕ್ಕ ಹಾಕಂತ ಹೇಳ್ರಿ.”